ಹಕ್ಕಿಗಳ ಜೊತೆಗಾರ ಸಲೀಂ ಅಲಿ

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲೂಕುಗಳು ಮಳೆ ಕಡಿಮೆಯಾದ ಬಯಲುಸೀಮೆಗೆ ಸೇರಿದವು. ಬೋಳುಬಂಡೆಯ ಬೆಟ್ಟಗಳು, ಕುರುಚಲು ಕಾಡು, ರಾಗಿ ಮತ್ತು ಕಡಲೆಕಾಯಿಯ ಹೊಲಗಳು, ಮಳೆಯಾದ ವರ್ಷ ತುಂಬಿ ಮಳೆಯಿಲ್ಲದ ವರ್ಷ ಬಿರುಕು ಬಿಡುವ ಕೆರೆಗಳು, ಇವೇ ಈ ಸೀಮೆಯ ಚಹರೆ. ಇಂಥ ಕಡೆ ನೀರುಹಕ್ಕಿಗಳು ಸಂಸಾರ ಹೂಡುತ್ತವೆ ಎಂದರೆ ಹೊಸಬರು ನಂಬುವುದು ಕಷ್ಟ. ಆದರೆ ಶಿರಾ ತಾಲೂಕಿನ ಕಗ್ಗಲಡು ಎಂಬ ಹಳ್ಳಿಯಲ್ಲಿ, ಮನೆಗಳ ನಡುವೆಯೇ ನಿಂತಿರುವ ಹುಣಿಸೆಮರಗಳ ಮೇಲೆ, ಬಣ್ಣದ ಕೊಕ್ಕರೆಗಳೂ ನಾರಾಯಣ ಪಕ್ಷಿಗಳೂ ಗೂಡು ಕಟ್ಟುತ್ತವೆ. ಬಣ್ಣದ ಕೊಕ್ಕರೆಗಳು ಇಲ್ಲಿಗೆ ಬರತೊಡಗಿದ್ದು 1993ರ ಸುಮಾರಿಗೆ. ತುಮಕೂರಿನ ನಿಸರ್ಗಪ್ರಿಯರ ಗುಂಪೊಂದು 1999ರಲ್ಲಿ ಈ ಸಂಗತಿಯನ್ನು ಹೊರಜಗತ್ತಿಗೆ ತಿಳಿಸಿತು. ಊರಿನವರು ಆ ಮರಗಳಿಗೆ ಕೊಡಲಿ ಹಾಕುವುದಿಲ್ಲ. ಹಕ್ಕಿಗಳನ್ನು ಬೆದರಿಸಲು ಬಿಡುವುದಿಲ್ಲ. ಹುಣಿಸೆಹಣ್ಣಿನ ಆದಾಯದಲ್ಲಿ ಅವರಿಗೆ ನಷ್ಟವಾಗದೆ ಇರದು. ಆದರೂ ಹಕ್ಕಿಗಳು ಊರಿನ ನೆಂಟರಂತೆ ಬಂದುಹೋಗುತ್ತಿವೆ.

ಶನಿವಾರ, ಭಾನುವಾರಗಳು ಬಂದರೆ ಇಂಥ ಹಳ್ಳಿಗಳಿಗೂ ಕೆರೆಯ ಏರಿಗಳಿಗೂ ಕೊರಳಲ್ಲಿ ದುರ್ಬೀನು, ಕೈಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದ ಕೆಲವರು ಬರುತ್ತಾರೆ. ಅವರಲ್ಲಿ ಉಪಾಧ್ಯಾಯರಿದ್ದಾರೆ, ಗುಮಾಸ್ತರಿದ್ದಾರೆ, ಕಾಲೇಜಿನ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಯಾರೂ ಸಂಬಳ ಕೊಡುವುದಿಲ್ಲ. ಗೂಡುಗಳೆಷ್ಟು, ಮರಿಗಳೆಷ್ಟು, ಕೆರೆಯಲ್ಲಿ ನೀರೆಷ್ಟು ಎಂಬುದನ್ನು ಎಣಿಸಿ ಬರೆದುಕೊಂಡು, ಕಟ್ಟಿ ತಂದ ಬುತ್ತಿಯನ್ನು ಮರದ ನೆರಳಿನಲ್ಲಿ ಉಂಡು, ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ. ನಮ್ಮ ದೇಶದಲ್ಲಿ ಈ ಅಭ್ಯಾಸಕ್ಕೆ ಒಂದು ಶಾಸ್ತ್ರದ ಗೌರವವನ್ನು ತಂದುಕೊಟ್ಟವರಲ್ಲಿ ಮೊದಲು ನೆನೆಯಬೇಕಾದ ಹೆಸರು ಸಲೀಂ ಅಲಿ.

ಸಲೀಂ ಅಲಿಯವರು 1896ನೆಯ ಇಸವಿ ನವೆಂಬರ್ 12ರಂದು ಮುಂಬಯಿಯಲ್ಲಿ ಜನಿಸಿದರು. ತುಂಬು ಸಂಸಾರದ ಕೊನೆಯ ಮಗು ಅವರು. ಹುಟ್ಟಿದ ಒಂದು ವರ್ಷಕ್ಕೆ ತಂದೆ ತೀರಿಕೊಂಡರು. ಮೂರು ವರ್ಷ ತುಂಬುವಷ್ಟರಲ್ಲಿ ತಾಯಿಯೂ ಇಲ್ಲವಾದರು. ತಬ್ಬಲಿಗಳಾದ ಆ ಮಕ್ಕಳನ್ನೆಲ್ಲ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅವರ ಪತ್ನಿ ಹಮೀದಾ ಬೇಗಂ ತಮ್ಮ ಮನೆಗೆ ಕರೆತಂದು ಸಾಕಿದರು. ಅವರಿಗೆ ಸ್ವಂತ ಮಕ್ಕಳಿರಲಿಲ್ಲ. ಮಾವ ಬೇಟೆಯ ಶೋಕಿಯುಳ್ಳವರು. ಆ ಕಾಲದ ಶ್ರೀಮಂತ ಮನೆಗಳಲ್ಲಿ ಬೇಟೆಗಾರನಾಗುವುದೇ ಹುಡುಗರ ದೊಡ್ಡ ಆಸೆಯಾಗಿತ್ತು. ಬಾಲಕ ಸಲೀಮನ ಆಸೆಯೂ ಅದೇ. ಮಾವ ಕೊಡಿಸಿದ ಆಟದ ಗಾಳಿಬಂದೂಕನ್ನು ಹಿಡಿದು ಅವನು ಗುಬ್ಬಿಗಳ ಬೆನ್ನು ಹತ್ತುತ್ತಿದ್ದನು.

ಸುಮಾರು ಹತ್ತು ವರ್ಷದವನಿದ್ದಾಗ ಒಂದು ದಿನ ಅವನು ಹೊಡೆದು ಕೆಡವಿದ ಗುಬ್ಬಿಯು ದಿನನಿತ್ಯ ಕಾಣುವ ಗುಬ್ಬಿಯಂತಿರಲಿಲ್ಲ. ಅದರ ಕೊರಳಿನಲ್ಲಿ ಅರಿಸಿನ ಹಚ್ಚಿದಂತೆ ಒಂದು ಹಳದಿ ಮಚ್ಚೆ ಇದ್ದಿತು. ಇದು ತಿನ್ನಲು ಯೋಗ್ಯವಾದುದೋ ಅಲ್ಲವೋ ಎಂಬ ಅನುಮಾನ ಹುಡುಗನಿಗೆ ಬಂದಿತು. ಮಾವನನ್ನು ಕೇಳಿದನು. ಮಾವನಿಗೂ ತಿಳಿಯಲಿಲ್ಲ. ಗೊತ್ತಿಲ್ಲವೆಂದು ಗದರಿ ಕಳಿಸಿಬಿಡಬಹುದಾಗಿದ್ದ ಆ ಹಿರಿಯರು, ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಗೌರವ ಕಾರ್ಯದರ್ಶಿಗಳಾಗಿದ್ದ ಮಿಲ್ಲಾರ್ಡ್ ಎಂಬವರಿಗೆ ಪತ್ರ ಬರೆದು ಹುಡುಗನ ಕೈಗೆ ಕೊಟ್ಟರು. ದೊಡ್ಡದೊಂದು ಜೀವನ ತಿರುಗಿದ್ದು ಈ ಚಿಕ್ಕ ತೀರ್ಮಾನದಲ್ಲಿ.

ಸೊಸೈಟಿಯು 1883ರಲ್ಲಿ ಎಂಟು ಮಂದಿ ಪ್ರಕೃತಿಪ್ರಿಯರು ಕೂಡಿ ಸ್ಥಾಪಿಸಿದ ಸಂಸ್ಥೆ. ವೈದ್ಯರು, ವ್ಯಾಪಾರಿಗಳು, ಸೈನ್ಯದ ಮತ್ತು ಅರಣ್ಯದ ಅಧಿಕಾರಿಗಳು ತಮ್ಮ ಬಿಡುವಿನ ವೇಳೆಯಲ್ಲಿ ಕಂಡ ಪ್ರಾಣಿಪಕ್ಷಿಗಳ ವಿವರವನ್ನು ಅಲ್ಲಿ ಕಲೆಹಾಕುತ್ತಿದ್ದರು. ಹುಡುಗ ಸತ್ತ ಗುಬ್ಬಿಯನ್ನು ಕಾಗದದಲ್ಲಿ ಸುತ್ತಿಕೊಂಡು ಆ ಕಟ್ಟಡದ ಮೆಟ್ಟಿಲು ಹತ್ತಿದಾಗ ಅವನ ಎದೆ ನಡುಗುತ್ತಿತ್ತು. ಬಿಳಿಯ ದೊರೆಯೊಬ್ಬರನ್ನು ಮುಖಾಮುಖಿ ಕಾಣುವುದು ಅವನಿಗೆ ಹೊಸದು. ಮಿಲ್ಲಾರ್ಡರು ಅವನನ್ನು ಆದರದಿಂದ ಬರಮಾಡಿಕೊಂಡರು. ಅದು ಹಳದಿ ಕತ್ತಿನ ಗುಬ್ಬಿ ಎಂದು ಹೇಳಿದರು. ಕಪಾಟುಗಳ ಖಾನೆಗಳನ್ನು ಒಂದೊಂದಾಗಿ ಎಳೆದು, ಹದಮಾಡಿ ಸಾಲಾಗಿ ಮಲಗಿಸಿದ್ದ ನೂರಾರು ಹಕ್ಕಿಗಳ ಚರ್ಮಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟು ಕಳಿಸಿದರು. ಹಕ್ಕಿಯೆಂದರೆ ಗುರಿಯಿಟ್ಟು ಹೊಡೆಯುವ ವಸ್ತು ಎಂದು ತಿಳಿದಿದ್ದ ಹುಡುಗನಿಗೆ, ಅದಕ್ಕೊಂದು ಹೆಸರು, ಬಂಧುಬಳಗ, ದೇಶಕಾಲಗಳಿವೆಯೆಂಬುದು ಆ ದಿನ ಗೊತ್ತಾಯಿತು.

ಶಾಲೆಯ ಓದಿನಲ್ಲಿ ಅವನು ಹೇಳಿಕೊಳ್ಳುವಂಥ ಜಾಣನೇನಾಗಿರಲಿಲ್ಲ. ಬಿಡದೆ ಕಾಡುತ್ತಿದ್ದ ತಲೆನೋವಿನಿಂದ ಆಗಾಗ ಶಾಲೆ ಬಿಡಬೇಕಾಯಿತು. ಒಣಹವೆಯಿಂದ ಗುಣವಾದೀತೆಂದು ಸಿಂಧ್ ಪ್ರಾಂತಕ್ಕೆ ಕಳಿಸಿದ್ದೂ ಉಂಟು. 1913ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯನ್ನು ಹೇಗೋ ದಾಟಿದುದಾಯಿತು. ಬಳಿಕ ಬರ್ಮಾದ ತವಾಯ್ ಎಂಬಲ್ಲಿ ಮನೆಯವರು ನಡೆಸುತ್ತಿದ್ದ ಗಣಿ ಮತ್ತು ಮರದ ವ್ಯಾಪಾರವನ್ನು ನೋಡಿಕೊಳ್ಳಲು ಹೋದರು. ಅಲ್ಲಿನ ದಟ್ಟ ಕಾಡುಗಳಲ್ಲಿ ಅವರು ವ್ಯಾಪಾರಕ್ಕಿಂತ ಹೆಚ್ಚಾಗಿ ಹಕ್ಕಿಗಳನ್ನೇ ನೋಡಿದರು. ವ್ಯಾಪಾರ ಮುಳುಗಿತು. 1917ರಲ್ಲಿ ಮುಂಬಯಿಗೆ ಬಂದಿದ್ದಾಗ ಬೆಳಗಿನ ಹೊತ್ತು ವಾಣಿಜ್ಯ ಕಾಲೇಜಿನಲ್ಲಿ ಲೆಕ್ಕಪತ್ರದ ಪಾಠ, ಅದು ಮುಗಿದೊಡನೆ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪಾಠ, ಹೀಗೆ ಎರಡು ದೋಣಿಗಳಲ್ಲಿ ಕಾಲಿಟ್ಟು ಕಲಿತರು. 1918ರಲ್ಲಿ ದೂರದ ಬಂಧುವಾದ ತೆಹಮಿನಾ ಅವರನ್ನು ಮದುವೆಯಾದರು.

ವಿಶ್ವವಿದ್ಯಾನಿಲಯದ ಪದವಿ ಅವರಿಗೆ ಇರಲಿಲ್ಲ. ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣ ಸಂಸ್ಥೆಯಲ್ಲಿ ಪಕ್ಷಿಶಾಸ್ತ್ರಜ್ಞರ ಹುದ್ದೆಯೊಂದಕ್ಕೆ ಯತ್ನಿಸಿದಾಗ ಇದೇ ಕೊರತೆ ಅಡ್ಡಬಂದಿತು. 1926ರಲ್ಲಿ ಮುಂಬಯಿಯ ಪ್ರಿನ್ಸ್ ಆಫ್ ವೇಲ್ಸ್ ವಸ್ತುಸಂಗ್ರಹಾಲಯದಲ್ಲಿ, ನೋಡಲು ಬಂದವರಿಗೆ ಪ್ರಾಣಿಪಕ್ಷಿಗಳ ವಿಷಯವನ್ನು ವಿವರಿಸಿ ಹೇಳುವ ಕೆಲಸ ದೊರೆಯಿತು. ಎರಡು ವರ್ಷಗಳಲ್ಲಿ ಅದು ಅವರಿಗೆ ಸಾಕೆನಿಸಿತು. ತಾನೇ ಪೂರ್ತಿ ಕಲಿಯದೆ ಇತರರಿಗೆ ಹೇಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ರಜೆ ಪಡೆದು ಜರ್ಮನಿಗೆ ಹೋದರು. ಬರ್ಲಿನ್ನಿನಲ್ಲಿ ಎರ್ವಿನ್ ಸ್ಟ್ರೆಸೆಮಾನ್ ಎಂಬ ಮಹಾವಿದ್ವಾಂಸರು ಅವರಿಗೆ ಗುರುವಾಗಿ ದೊರೆತರು. ಹೆಲಿಗೋಲೆಂಡ್ ದ್ವೀಪದ ವೀಕ್ಷಣಾಲಯದಲ್ಲಿ, ವಲಸೆ ಹಕ್ಕಿಗಳನ್ನು ನೋವಾಗದಂತೆ ಹಿಡಿದು ಕಾಲಿಗೆ ಗುರುತಿನ ಉಂಗುರ ತೊಡಿಸಿ ಬಿಡುವ ವಿಧಾನವನ್ನು ಕಲಿತರು. ಇಷ್ಟೆಲ್ಲ ಕಲಿತು 1930ರಲ್ಲಿ ಸ್ವದೇಶಕ್ಕೆ ಮರಳಿದಾಗ, ಹಣದ ಅಭಾವದಿಂದ ವಸ್ತುಸಂಗ್ರಹಾಲಯದ ಅವರ ಹುದ್ದೆಯೇ ರದ್ದಾಗಿದ್ದಿತು.

ವಯಸ್ಸು ಮೂವತ್ತನಾಲ್ಕು, ಕೆಲಸವಿಲ್ಲ. ಪಟ್ಟಣದಲ್ಲಿ ಬಾಳುವುದು ದುಬಾರಿ. ದಂಪತಿಗಳು ಮುಂಬಯಿಗೆ ಎದುರಿನ ಸಮುದ್ರದ ದಡದಲ್ಲಿರುವ ಕಿಹಿಮ್ ಎಂಬ ಹಳ್ಳಿಗೆ ಹೋಗಿ ನೆಲೆಸಿದರು. ಅಲ್ಲಿಯ ಮರಗಳಲ್ಲಿ ಗೀಜಗ ಹಕ್ಕಿಗಳ ಗೂಡುಗಳು ತೂಗಾಡುತ್ತಿದ್ದವು. ಗೀಜಗನ ಗೂಡನ್ನು ನೋಡದ ಹಳ್ಳಿಯ ಮಕ್ಕಳಿಲ್ಲ. ಹೊಲದಂಚಿನ ಈಚಲು ಮರಗಳಲ್ಲಿ, ಬಾವಿಯ ಮೇಲೆ ಬಾಗಿದ ಕೊಂಬೆಗಳಲ್ಲಿ ಅವು ಸೋರೆಬುರುಡೆಯಂತೆ ಜೋಲುತ್ತಿರುತ್ತವೆ. ಹುಲ್ಲಿನ ಎಳೆಯನ್ನು ಹಾಗೆ ಹೆಣೆಯುವುದನ್ನು ಕಂಡು ಬೆರಗಾದವರು ಎಷ್ಟೋ ಜನ. ಆದರೆ ತಿಂಗಳುಗಟ್ಟಲೆ ಎದುರಿಗೆ ಕುಳಿತು, ಯಾವ ಹಕ್ಕಿ ಯಾವ ದಿನ ಏನು ಮಾಡಿತೆಂದು ಬರೆದಿಟ್ಟವರು ವಿರಳ.

ಸಲೀಂ ಅಲಿಯವರು ಮರೆ ಕಟ್ಟಿಕೊಂಡು ಅದರೊಳಗೆ ಕುಳಿತರು. ಮಳೆಗಾಲವೆಲ್ಲ ನೋಡಿದರು. ಗೂಡು ಹೆಣೆಯುವುದು ಗಂಡುಹಕ್ಕಿ. ಅದು ಗೂಡನ್ನು ಅರ್ಧಕ್ಕೆ ತಂದು ನಿಲ್ಲಿಸುತ್ತದೆ. ಆಗ ಹೆಣ್ಣುಹಕ್ಕಿಗಳ ಹಿಂಡೊಂದು ಬಂದು, ಬಾಡಿಗೆಮನೆ ನೋಡಲು ಬಂದ ಗೃಹಿಣಿಯರಂತೆ, ಒಂದೊಂದು ಗೂಡನ್ನೂ ಹೊಕ್ಕು ಹೊರಬಂದು ಪರೀಕ್ಷಿಸುತ್ತದೆ. ಹೆಣ್ಣಿಗೆ ಮೆಚ್ಚಿಗೆಯಾದರೆ ಮಾತ್ರ ಗಂಡು ಉಳಿದ ಭಾಗವನ್ನು ಪೂರೈಸುತ್ತದೆ. ಮೆಚ್ಚಿಗೆಯಾಗದ ಗೂಡು ಅರ್ಧಕ್ಕೇ ನಿಲ್ಲುತ್ತದೆ. ಮರಗಳಲ್ಲಿ ಮುಗಿಯದ ಗೂಡುಗಳು ಅಷ್ಟೊಂದು ಕಾಣುವುದಕ್ಕೆ ಕಾರಣ ಇದೇ. ಒಂದು ಹೆಣ್ಣು ಒಳಗೆ ಮೊಟ್ಟೆಯಿಟ್ಟು ಕಾವು ಕೂತೊಡನೆ ಗಂಡು ಅಲ್ಲಿ ನಿಲ್ಲದೆ ಪಕ್ಕದಲ್ಲೇ ಇನ್ನೊಂದು ಗೂಡನ್ನು ಹೆಣೆಯತೊಡಗಿ ಇನ್ನೊಂದು ಹೆಣ್ಣಿಗಾಗಿ ಕಾಯುತ್ತದೆ. ಒಂದಾದ ಮೇಲೊಂದರಂತೆ ಹಲವು ಸಂಸಾರಗಳನ್ನು ಹೂಡುವ ಗೀಜಗನ ಈ ಬಾಳನ್ನು ವಿವರಿಸಿ ಅವರು ಬರೆದ ಲೇಖನ 1931ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಂಡಿತರಲ್ಲಿ ಅವರಿಗೆ ಹೆಸರು ತಂದುಕೊಟ್ಟಿತು. ಕೆಲಸ ಕಳೆದುಕೊಂಡ ಬೇಸರದಲ್ಲಿ ಕಳೆದ ತಿಂಗಳುಗಳ ಫಲವಿದು. ಉದ್ಯೋಗವಿದ್ದಿದ್ದರೆ ಬಹುಶಃ ಗೀಜಗನ ಗುಟ್ಟು ಇನ್ನಷ್ಟು ದಿನ ಗುಟ್ಟಾಗಿಯೇ ಇರುತ್ತಿತ್ತು.

ಮುಂದೇನು ಮಾಡಬೇಕೆಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಅಪರೂಪದ್ದು. ದೇಶೀಯ ಸಂಸ್ಥಾನಗಳಲ್ಲಿ ಯಾವ ಯಾವ ಹಕ್ಕಿಗಳಿವೆ ಎಂಬುದರ ಕ್ರಮಬದ್ಧವಾದ ಲೆಕ್ಕ ಆಗ ಇರಲಿಲ್ಲ. ಪ್ರಯಾಣ, ಬಿಡಾರ, ಸಹಾಯಕರು ಇವುಗಳ ವೆಚ್ಚವನ್ನು ಸಂಸ್ಥಾನ ಭರಿಸುವುದಾದರೆ, ತಮಗಾಗಿ ಒಂದು ಕಾಸನ್ನೂ ಪಡೆಯದೆ ಸಮೀಕ್ಷೆ ನಡೆಸಿಕೊಡುವೆನೆಂದು ಅವರು ಮುಂದೆ ಬಂದರು. ಮೊದಲು ಹೈದರಾಬಾದ್, ಬಳಿಕ ತಿರುವಾಂಕೂರು, ಕೊಚ್ಚಿ, ಮುಂದೆ ಗ್ವಾಲಿಯರ್, ಇಂದೂರು, ಭೋಪಾಲ, ಹೀಗೆ ವರ್ಷದಿಂದ ವರ್ಷಕ್ಕೆ ಅಲೆದಾಟ ಬೆಳೆಯಿತು. ಎತ್ತಿನ ಗಾಡಿ, ಡೇರೆ, ಕಾಡಿನ ಬಂಗಲೆ. ಅಲ್ಲಿ ಸಿಕ್ಕಿದ ಊಟ. ನಸುಕಿಗೆ ಎದ್ದು ಹೊರಟರೆ ಬಿಸಿಲೇರುವತನಕ ಕಾಡಿನಲ್ಲಿ ಸುತ್ತಾಟ. ಮಧ್ಯಾಹ್ನ ಹಕ್ಕಿಗಳ ಚರ್ಮವನ್ನು ಹದಮಾಡಿ, ಸಿಕ್ಕಿದ ಸ್ಥಳ, ದಿನಾಂಕ, ಹೊಟ್ಟೆಯಲ್ಲಿದ್ದ ಆಹಾರ ಇವನ್ನು ಚೀಟಿಯಲ್ಲಿ ಬರೆದು ಕಟ್ಟುವ ಕೆಲಸ. ರಾತ್ರಿ ದೀಪದ ಬೆಳಕಿನಲ್ಲಿ ದಿನಚರಿ. ಇವೆಲ್ಲದರಲ್ಲಿ ತೆಹಮಿನಾ ಅವರಿಗೆ ಸಂಗಾತಿಯಾಗಿದ್ದರು. ಇಂಗ್ಲೆಂಡಿನಲ್ಲಿ ಓದಿ ಬೆಳೆದಿದ್ದ ಆಕೆ ಡೇರೆಯ ಬಾಳುವೆಗೆ ಮನಸಾರೆ ಹೊಂದಿಕೊಂಡರು.

ಇಂದಿನ ವಿದ್ಯಾರ್ಥಿಗೆ ಇಲ್ಲೊಂದು ಸಂಗತಿ ಅರಗದೆ ಹೋಗಬಹುದು. ಹಕ್ಕಿಗಳನ್ನು ಅಷ್ಟು ಪ್ರೀತಿಸಿದವರು ಬಂದೂಕಿನಿಂದ ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದರೆಂಬುದು ನಿಜ. ಒಳ್ಳೆಯ ದುರ್ಬೀನು, ಛಾಯಾಚಿತ್ರ, ಧ್ವನಿಮುದ್ರಣಗಳಿಲ್ಲದ ಆ ಕಾಲದಲ್ಲಿ, ಒಂದರಂತೆ ಒಂದು ಕಾಣುವ ಎರಡು ಜಾತಿಗಳನ್ನು ಬೇರ್ಪಡಿಸಿ ಹೇಳಬೇಕಾದರೆ ಕೈಯಲ್ಲಿ ಮಾದರಿ ಇರಬೇಕಾಗಿತ್ತು. ಶಾಸ್ತ್ರಕ್ಕೆ ಬೇಕಾದಷ್ಟನ್ನು ಮಾತ್ರ ಕೊಲ್ಲುವುದನ್ನು ಅವರು ಕೊನೆಯವರೆಗೂ ಸಮರ್ಥಿಸಿಕೊಂಡರು, ಅದನ್ನು ಮರೆಮಾಚಲಿಲ್ಲ. ಅದನ್ನು ಒಪ್ಪುವವರೂ ಒಪ್ಪದವರೂ ಇದ್ದಾರೆ. ಆದರೆ ಯಾವ ಹಕ್ಕಿ ಎಲ್ಲಿದೆಯೆಂಬ ಆ ದಾಖಲೆಗಳೇ ಮುಂದೆ ಹಕ್ಕಿಗಳ ರಕ್ಷಣೆಗೆ ಆಧಾರವಾದುದನ್ನು ಅಲ್ಲಗಳೆಯುವಂತಿಲ್ಲ.

1939ರ ವರ್ಷ ಅವರ ಬದುಕಿನಲ್ಲಿ ಅತ್ಯಂತ ಕಠಿಣವಾದುದು. ಚಿಕ್ಕದೊಂದು ಶಸ್ತ್ರಚಿಕಿತ್ಸೆಯ ತರುವಾಯ ತೆಹಮಿನಾ ತೀರಿಕೊಂಡರು. ಇಪ್ಪತ್ತು ವರ್ಷಗಳ ದಾಂಪತ್ಯ ಹಠಾತ್ತನೆ ಮುಗಿಯಿತು. ಮಕ್ಕಳಿರಲಿಲ್ಲ. ಸ್ವಂತ ವರಮಾನವೂ ಹೇಳಿಕೊಳ್ಳುವಂತಿರಲಿಲ್ಲ. ಸೋದರಿ ಕಾಮೂ ಮತ್ತು ಭಾವ ಹಸನ್ ಅಲಿ ತಮ್ಮ ಮನೆಯಲ್ಲಿ ಇರಿಸಿಕೊಂಡರು. ಸಂಬಳವಿಲ್ಲದೆ ದುಡಿಯುವುದನ್ನು ಹೊಗಳುವಾಗ ಈ ಮನೆಯವರ ಹೆಸರನ್ನು ಮರೆಯಬಾರದು. ಹಿಂದೆ ನಿಂತು ಅನ್ನವಿಕ್ಕುವವರಿಲ್ಲದಿದ್ದರೆ ಎಂಥ ಉತ್ಸಾಹವೂ ಬಹುದೂರ ನಡೆಯಲಾರದು.

ಆ ದುಃಖದ ವರ್ಷದಲ್ಲೇ ಅವರು ಮೈಸೂರು ಸಂಸ್ಥಾನದ ಪಕ್ಷಿಸಮೀಕ್ಷೆಯನ್ನು ಕೈಗೆತ್ತಿಕೊಂಡರು. 1939-40ರಲ್ಲಿ ನಡೆದ ಈ ಸಮೀಕ್ಷೆ ಒಂದು ಕಡೆ ಮಲೆನಾಡಿನ ಮಳೆಕಾಡುಗಳನ್ನೂ ಇನ್ನೊಂದು ಕಡೆ ಬಯಲುಸೀಮೆಯ ಕುರುಚಲು ನೆಲವನ್ನೂ ಒಳಗೊಂಡಿತ್ತು. ಜೊತೆಗಾತಿಯಿಲ್ಲದ ಡೇರೆಗೆ ರಾತ್ರಿ ಮರಳುವುದು ಅವರಿಗೆ ಎಷ್ಟು ಭಾರವಾಗಿದ್ದಿರಬಹುದೆಂಬುದನ್ನು ಊಹಿಸಬಹುದು. ಸಮೀಕ್ಷೆಯ ಫಲವಾಗಿ ಬಂದ ಬರಹಗಳಲ್ಲಿ ಅದರ ನೆರಳು ಕೂಡ ಕಾಣುವುದಿಲ್ಲ. ಅಲ್ಲಿರುವುದು ಹಕ್ಕಿಯ ಹೆಸರು, ಊರು, ದಿನ, ಕಂಡ ನಡವಳಿಕೆ, ಇಷ್ಟೆ. ಅವು 1942-43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಹೊರಬಂದವು. ಕನ್ನಡನಾಡಿನ ಹಕ್ಕಿಗಳ ಬಗ್ಗೆ ಏನಾದರೂ ಹೇಳಹೊರಟವರು ಇಂದಿಗೂ ಮೊದಲು ತೆರೆದು ನೋಡುವ ಲೆಕ್ಕ ಅದು.

ಶ್ರೀರಂಗಪಟ್ಟಣದ ಸಮೀಪ ಕಾವೇರಿ ನದಿಯಲ್ಲಿ ಕೆಲವು ನಡುಗಡ್ಡೆಗಳಿವೆ. ಕಂಠೀರವ ನರಸರಾಜ ಒಡೆಯರು 1645ರಿಂದ 1648ರ ಅವಧಿಯಲ್ಲಿ ನದಿಗೆ ಅಡ್ಡಲಾಗಿ ಕಟ್ಟಿಸಿದ ಒಡ್ಡಿನಿಂದಾಗಿ ನೀರು ಹರಡಿ ನಿಂತು ಈ ಗಡ್ಡೆಗಳು ಉಂಟಾದವೆಂದು ಹೇಳುತ್ತಾರೆ. ವ್ಯವಸಾಯಕ್ಕೆಂದು ಕಟ್ಟಿಸಿದ ಒಡ್ಡು ಹಕ್ಕಿಗಳಿಗೂ ಮನೆ ಕಟ್ಟಿಕೊಟ್ಟಂತಾಯಿತು. ಸುತ್ತ ನೀರು, ನೀರಿನಲ್ಲಿ ಮೊಸಳೆ. ಆದುದರಿಂದ ನರಿ, ನಾಯಿಗಳ ಕಾಟವಿಲ್ಲ. ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕ ಕೊಕ್ಕರೆ, ಚಮಚದಂಥ ಕೊಕ್ಕಿನ ಬಿಳಿಯ ಹಕ್ಕಿ ಇವೆಲ್ಲ ಒತ್ತೊತ್ತಾಗಿ ಗೂಡು ಕಟ್ಟುತ್ತವೆ. ಬಂಡೆಗಳ ಮೇಲೆ ನದಿಯ ರೀವಗಳು ಮೊಟ್ಟೆಯಿಡುತ್ತವೆ. ಹತ್ತಿರದ ಹಳ್ಳಿಗಳವರಿಗೆ ಇದು ಹೊಸದಲ್ಲ. ತಲೆತಲಾಂತರದಿಂದ ಅವರು ನೋಡುತ್ತಲೇ ಬಂದಿದ್ದರು. ಆದರೆ ಇಷ್ಟು ಬಗೆಯ ನೀರುಹಕ್ಕಿಗಳು ಒಂದೆಡೆ ಕೂಡಿ ಮರಿಮಾಡುವ ತಾಣ ಎಷ್ಟು ಅಪರೂಪವೆಂಬುದು ಹಲವು ಸಂಸ್ಥಾನಗಳನ್ನು ಸುತ್ತಿ ಬಂದ ಸಲೀಂ ಅಲಿಯವರಿಗೆ ಥಟ್ಟನೆ ಹೊಳೆಯಿತು. ಗೂಡುಗಳ ಮರ ಒಂದು ವರ್ಷ ಕಡಿದುಹೋದರೆ ಮರುವರ್ಷ ಹಕ್ಕಿಗಳು ಬರಲೊಲ್ಲವು. ಎಣಿಸಿ ಬರೆದು ಹೊರಟುಹೋಗುವುದು ಅವರಿಗೆ ಸಾಲದೆಂದು ತೋರಿತು. ಈ ಗಡ್ಡೆಗಳನ್ನು ಪಕ್ಷಿಧಾಮವಾಗಿ ಕಾಪಾಡಬೇಕೆಂದು ಅವರು ಮೈಸೂರು ಅರಸರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು ನಲವತ್ತು ಎಕರೆ, ಒಬ್ಬ ಅನುಕೂಲಸ್ಥ ರೈತನ ಜಮೀನಿನಷ್ಟು. ಅಷ್ಟು ಚಿಕ್ಕ ಜಾಗ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಕರ್ನಾಟಕದಿಂದ ಸೇರಿದ ಮೊದಲ ತಾಣವಾಯಿತು.

ಸಲೀಂ ಅಲಿಯವರ ಭಾರತದ ಪಕ್ಷಿಗಳನ್ನು ಕುರಿತ ಪುಸ್ತಕ 1941ರಲ್ಲಿ ಪ್ರಕಟವಾಯಿತು. ಬಣ್ಣದ ಚಿತ್ರಗಳು, ತಿಳಿಯಾದ ವಿವರಣೆ. ಕೈಯಲ್ಲಿ ಹಿಡಿದು ಹೊಲಗದ್ದೆಗಳಲ್ಲಿ ಸುತ್ತಬಹುದಾದ ಪುಸ್ತಕ. ಅದುವರೆಗೆ ಪಂಡಿತರ ಗ್ರಂಥಗಳಲ್ಲಿ ಅಡಗಿದ್ದ ವಿದ್ಯೆ ಬಿಡುವಿನ ದಿನಗಳಲ್ಲಿ ಹಕ್ಕಿ ನೋಡಲು ಹೊರಡುವ ಸಾಮಾನ್ಯನ ಜೋಳಿಗೆಗೆ ಬಂದಿತು. ಜವಾಹರಲಾಲ್ ನೆಹರೂ ಅವರು ಈ ಪುಸ್ತಕವನ್ನು ತಮ್ಮ ಮಗಳು ಇಂದಿರಾ ಅವರಿಗೆ ಕೊಟ್ಟಿದ್ದರು. ಮುಂದೆ ಪ್ರಧಾನಿಯಾದ ಆಕೆಗೆ ಹಕ್ಕಿಗಳ ಒಲವು ಕೊನೆಯವರೆಗೂ ಉಳಿಯಿತು. ಬಳಿಕ ಅಮೆರಿಕದ ವಿದ್ವಾಂಸ ಡಿಲನ್ ರಿಪ್ಲಿ ಅವರೊಡನೆ ಕೂಡಿ ಭಾರತ ಮತ್ತು ಪಾಕಿಸ್ತಾನಗಳ ಹಕ್ಕಿಗಳ ಕೈಪಿಡಿಯನ್ನು ಹತ್ತು ಸಂಪುಟಗಳಲ್ಲಿ ಹೊರತಂದರು. ಮೊದಲ ಸಂಪುಟ 1968ರಲ್ಲಿ, ಕೊನೆಯದು 1974ರಲ್ಲಿ. ಅದು ಮುಗಿದಾಗ ಅವರಿಗೆ ಎಪ್ಪತ್ತೆಂಟರ ಹತ್ತಿರದ ಪ್ರಾಯ.

ಎಲ್ಲ ಹುಡುಕಾಟವೂ ಫಲಿಸಿತೆಂದಲ್ಲ. 1876ರ ತರುವಾಯ ಖಚಿತವಾಗಿ ಯಾರ ಕಣ್ಣಿಗೂ ಬೀಳದ ಹಿಮಾಲಯದ ಗೌಜಲಹಕ್ಕಿಯೊಂದನ್ನು ಅವರು ಅರಸಿದರು, ಅದು ಸಿಗಲಿಲ್ಲ. ನಮ್ಮ ರಾಷ್ಟ್ರಪಕ್ಷಿಯನ್ನು ಆರಿಸುವ ಚರ್ಚೆ ನಡೆದಾಗ ಅವರು ಎರೆಭೂತನ ಪರವಾಗಿ ವಾದಿಸಿದರು. ಬಯಲುನಾಡಿನ ಹುಲ್ಲುಗಾವಲುಗಳಲ್ಲಿ ಗಂಭೀರವಾಗಿ ಹೆಜ್ಜೆಯಿಡುವ ಆ ದೊಡ್ಡ ಹಕ್ಕಿ ನಾಶದ ಅಂಚಿನಲ್ಲಿತ್ತು. ರಾಷ್ಟ್ರಪಕ್ಷಿಯಾದರೆ ಉಳಿದೀತೆಂದು ಅವರ ಆಸೆ. 1963ರಲ್ಲಿ ನವಿಲಿಗೆ ಆ ಗೌರವ ಸಂದಿತು. ನವಿಲಿನ ಯೋಗ್ಯತೆಯನ್ನು ಯಾರೂ ಪ್ರಶ್ನಿಸಲಾರರು. ಆದರೆ ಎರೆಭೂತ ಕರ್ನಾಟಕದಲ್ಲಿ ಇಂದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿದೆ ಎಂಬುದನ್ನು ನೋಡಿದರೆ, ಆ ವೃದ್ಧರ ಆತಂಕ ಸುಳ್ಳಾಗಲಿಲ್ಲವೆನ್ನಬೇಕು.

ಸ್ವಾತಂತ್ರ್ಯಾನಂತರ ಹಣವಿಲ್ಲದೆ ಸೊಸೈಟಿಯೇ ಮುಚ್ಚುವ ಸ್ಥಿತಿಗೆ ಬಂದಾಗ ಅವರು ಪ್ರಧಾನಿ ನೆಹರೂ ಅವರಿಗೆ ಪತ್ರ ಬರೆದು ನೆರವು ದೊರಕಿಸಿದರು. ರಾಜಸ್ಥಾನದ ಭರತಪುರದಲ್ಲಿ ಜೌಗುನೆಲವನ್ನು ಒಣಗಿಸಿ ಬೇಸಾಯಕ್ಕೆ ಕೊಡಬೇಕೆಂಬ ಒತ್ತಾಯ ಎದ್ದಾಗಲೂ ಅದನ್ನು ಉಳಿಸಲು ಓಡಾಡಿದರು. ಕೇರಳದ ಸೈಲೆಂಟ್ ವ್ಯಾಲಿಯ ಕಾಡನ್ನು ಮುಳುಗಿಸಲಿದ್ದ ಅಣೆಕಟ್ಟೆಯನ್ನು ವಿರೋಧಿಸಿದವರಲ್ಲಿ ಅವರೂ ಒಬ್ಬರು. ಆ ಕಾಡು ಉಳಿಯಿತು.

ಸರ್ಕಾರದ ಪದ್ಮಭೂಷಣ 1958ರಲ್ಲಿ, ಪದ್ಮವಿಭೂಷಣ 1976ರಲ್ಲಿ ಅವರಿಗೆ ಬಂದವು. 1967ರಲ್ಲಿ ಬ್ರಿಟಿಷ್ ಪಕ್ಷಿಶಾಸ್ತ್ರಜ್ಞರ ಒಕ್ಕೂಟದ ಚಿನ್ನದ ಪದಕ ಬಂದಾಗ ಬ್ರಿಟಿಷರಲ್ಲದವರೊಬ್ಬರಿಗೆ ಅದು ಸಂದುದು ಅದೇ ಮೊದಲು. ಪದವಿಯಿಲ್ಲವೆಂದು ಹುದ್ದೆ ತಪ್ಪಿಸಿಕೊಂಡವರಿಗೆ ಅಲಿಗಢ, ದೆಹಲಿ, ಆಂಧ್ರ ವಿಶ್ವವಿದ್ಯಾನಿಲಯಗಳು ಗೌರವ ಡಾಕ್ಟರೇಟ್ ಕೊಟ್ಟವು. ಅಂತರರಾಷ್ಟ್ರೀಯ ಗೆಟ್ಟಿ ಬಹುಮಾನವಾಗಿ ಬಂದ ದೊಡ್ಡ ಮೊತ್ತವನ್ನು ನಿಸರ್ಗರಕ್ಷಣೆಯ ನಿಧಿಗೆ ಮೀಸಲಿಟ್ಟರು. 1985ರಲ್ಲಿ ರಾಜ್ಯಸಭೆಗೆ ನಾಮಕರಣವಾಯಿತು. ಅದೇ ವರ್ಷ ಅವರ ಆತ್ಮಕಥೆ ಹೊರಬಂದಿತು. ಅದರ ಹೆಸರಿನಲ್ಲಿರುವುದು ಆ ಹಳೆಯ ಗುಬ್ಬಿಯೇ.

ಅವರು ಆಳು ಸಣ್ಣಗೆ, ತೆಳ್ಳಗೆ. ಕೆಲಸದಲ್ಲಿ ಕಟ್ಟುನಿಟ್ಟು, ಅಚ್ಚುಕಟ್ಟಿಲ್ಲದ ಟಿಪ್ಪಣಿಯನ್ನು ಸಹಿಸುತ್ತಿರಲಿಲ್ಲ. ಡೇರೆಯಲ್ಲಿ ಯಾರಾದರೂ ಗೊರಕೆ ಹೊಡೆದರೆ ಅವರಿಗೆ ಆಗುತ್ತಿರಲಿಲ್ಲವೆಂದು ಜೊತೆಯಲ್ಲಿದ್ದವರು ನಗುತ್ತಾ ನೆನೆಯುತ್ತಾರೆ. ಮೋಟಾರು ಸೈಕಲ್ಲುಗಳೆಂದರೆ ಹುಡುಗರಿಗಿಂತ ಹೆಚ್ಚಿನ ಹುಚ್ಚು. 1950ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ನಡೆದ ಪಕ್ಷಿಶಾಸ್ತ್ರಜ್ಞರ ಮಹಾಸಮ್ಮೇಳನಕ್ಕೆ ತಮ್ಮ ಸನ್‌ಬೀಮ್ ಮೋಟಾರು ಸೈಕಲ್ಲನ್ನು ಹಡಗಿನಲ್ಲಿ ಸಾಗಿಸಿಕೊಂಡು ಹೋಗಿ, ಐವತ್ತಮೂರರ ವಯಸ್ಸಿನಲ್ಲಿ ಯುರೋಪಿನ ರಸ್ತೆಗಳಲ್ಲಿ ಅದರ ಮೇಲೆ ಸುತ್ತಿದರು. ದಾರಿಯಲ್ಲಿ ಒಂದೆರಡು ಸಲ ಬಿದ್ದುದೂ ಉಂಟು. ಭಾರತದಿಂದ ಮೋಟಾರು ಸೈಕಲ್ ಏರಿಯೇ ಬಂದರೆಂದು ಅಲ್ಲಿ ಸುದ್ದಿ ಹಬ್ಬಿತಂತೆ.

ಅವರ ಪುಸ್ತಕವನ್ನು ಹಿಡಿದು ಹೊರಟವರ ಬಳಗ ದಿನೇ ದಿನೇ ಬೆಳೆಯಿತು. ಹವ್ಯಾಸಿಗಳು ಕಂಡದ್ದನ್ನು ಬರೆದು ಹಂಚಿಕೊಳ್ಳಲೆಂದು ಅವರ ಬಂಧುವೂ ಶಿಷ್ಯರೂ ಆದ ಜಾಫರ್ ಫತೇಹಳ್ಳಿಯವರು ಪಕ್ಷಿವೀಕ್ಷಕರಿಗಾಗಿಯೇ ಒಂದು ಸಣ್ಣ ಪತ್ರಿಕೆಯನ್ನು ಆರಂಭಿಸಿದರು; ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದಾಗ ಪತ್ರಿಕೆಯೂ ಅವರ ಸಂಗಡ ಬಂದಿತು. ಬೆಂಗಳೂರಿನಲ್ಲಿ ಜೋಸೆಫ್ ಜಾರ್ಜ್ ಎಂಬ ವಿಜ್ಞಾನಿಗಳ ನೇತೃತ್ವದಲ್ಲಿ 1970ರ ದಶಕದ ಆರಂಭದಲ್ಲಿ ಪಕ್ಷಿವೀಕ್ಷಕರ ಕೂಟವೊಂದು ಹುಟ್ಟಿತು. ತಿಂಗಳಿಗೊಂದು ಭಾನುವಾರ ಲಾಲ್‌ಬಾಗಿನಲ್ಲಿ ಸೇರುವುದು ಅದರ ಪದ್ಧತಿಯಾಯಿತು. ಅಲ್ಲಿ ಪ್ರವೇಶಪತ್ರ ಕೇಳುವವರಿಲ್ಲ, ಪದವಿ ವಿಚಾರಿಸುವವರಿಲ್ಲ. ಬೆಳಗಿನ ಬಸ್ಸಿಗೆ ಬಂದವರೆಲ್ಲ ಸದಸ್ಯರೇ. ಹೊಸದಾಗಿ ಬಂದ ಹುಡುಗನಿಗೆ ಹಿರಿಯರು ತಮ್ಮ ದುರ್ಬೀನನ್ನು ಕೊಟ್ಟು, ಕೊಂಬೆಯ ಮೇಲಿನ ಹಕ್ಕಿಯನ್ನು ತೋರಿಸಿ, ಅವನಿಂದಲೇ ಹೆಸರು ಹೇಳಿಸುವರು. ಮಿಲ್ಲಾರ್ಡರು ಖಾನೆ ಎಳೆದು ತೋರಿಸಿದಂತೆಯೇ ಇದು.

ಸಲೀಂ ಅಲಿಯವರು ಎಂಬತ್ತು ದಾಟಿದ ಮೇಲೂ ಕಾಡಿಗೆ ಹೋಗುವುದನ್ನು ಬಿಡಲಿಲ್ಲ. ಬಹುಕಾಲ ಕಾಡಿದ ಕ್ಯಾನ್ಸರ್ ರೋಗದಿಂದ ಅವರು 1987ನೆಯ ಇಸವಿ ಜೂನ್ 20ರಂದು ಮುಂಬಯಿಯಲ್ಲಿ ನಿಧನರಾದರು. ಆಗ ಅವರಿಗೆ ತೊಂಬತ್ತು ವರ್ಷ. ಅದೇ ವರ್ಷದ ಜನವರಿಯಲ್ಲಿ ನೀರುಹಕ್ಕಿಗಳ ಗಣತಿಯೊಂದು ಭಾರತ ಉಪಖಂಡದಲ್ಲಿ ಮೊದಲಾಗಿದ್ದಿತು. ಬಳಿಕ ಏಷ್ಯಾದ ಇತರ ದೇಶಗಳಿಗೂ ಹಬ್ಬಿತು. ಪ್ರತಿ ಜನವರಿಯಲ್ಲಿ ಚಳಿಯಿನ್ನೂ ಬಿಡದ ಮುಂಜಾನೆ, ಸ್ವಯಂಸೇವಕರು ಇಬ್ಬರು ಮೂವರಂತೆ ಕೆರೆಗಳ ಏರಿಯ ಮೇಲೆ ನಿಂತು, ಒಬ್ಬರು ಎಣಿಸಿ ಹೇಳಿದಂತೆ ಇನ್ನೊಬ್ಬರು ಬರೆದುಕೊಳ್ಳುತ್ತಾರೆ: ಕೆರೆಯ ಹೆಸರು, ದಿನಾಂಕ, ಹಕ್ಕಿಯ ಹೆಸರು, ಸಂಖ್ಯೆ.